ಲಿಫ್ಟ್‌ನೊಳಗಿಂದ ಬಂದ ಕೂಗು

ಮಕ್ಕಳೇ, ನಾನು ಕತೆ ಕಟ್ಟುವವಳಲ್ಲ. ಕುಂದಾಪುರದ ಹತ್ತಿರದ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು. ನಾಲ್ಕು ಜನ ಕೂತಲ್ಲಿ ಬಾಯಿ ತೆರೆಯಲಿಕ್ಕೂ ನನಗೆ ನಾಚಿಕೆ. ಇಲ್ಲದ್ದನ್ನು ಹುಟ್ಟಿಸಿ ಬರೆಯುವ ಧೈರ್ಯ ನನಗೆ ಎಲ್ಲಿಂದ ಬರಬೇಕು? ಇದು ನಡೆದದ್ದು. ನನ್ನ ಕಿವಿಯಾರೆ ನಾನು ಕೇಳಿದ್ದು.

ಚಳಿಗಾಲ ಬಂತೆಂದರೆ ನೀವಿಬ್ಬರೂ ನನ್ನ ರಜಾಯಿಯೊಳಗೆ ತೂರಿಕೊಂಡು, “ಅಮ್ಮಮ್ಮಾ, ಸ್ಕೇರಿ ಸ್ಟೋರಿ ಪ್ಲೀಸ್... ಟ್ರೂ ಒನ್!” ಎಂದು ಪೀಡಿಸುತ್ತೀರಿ. ನಾನು ನರಿಯ ಕತೆಯೋ ಮೊಲದ ಕತೆಯೋ ಹೇಳಿ ಮರೆಸುತ್ತೇನೆ. ನಿಮ್ಮ ಅಮ್ಮ ಪಕ್ಕದ ಕೋಣೆಯಲ್ಲೇ ಇರುತ್ತಾಳಲ್ಲ, ಅದಕ್ಕೆ. ಈ ವಿಷಯ ಎತ್ತಿದರೆ ಅವಳ ಮುಖ ಬಿಳುಚಿಕೊಳ್ಳುತ್ತದೆ. ಶನಿವಾರದ ಕನ್ನಡ ಕ್ಲಾಸಿನಲ್ಲಿ ಹೇಗೂ ಓದಲು ಕಲಿಯುತ್ತಿದ್ದೀರಿ. ದೊಡ್ಡವರಾದ ಮೇಲೆ ನಿಧಾನಕ್ಕೆ ಕೂಡಿಸಿಕೊಂಡು ಓದಿ. ಹಗಲು ಹೊತ್ತಿನಲ್ಲಿ ಓದಿ.

ಅದು ತೊಂಬತ್ತರ ದಶಕದ ಕೊನೆ. ನಿಮ್ಮ ಅಜ್ಜಯ್ಯ ತೀರಿಹೋಗಿದ್ದರು. ಅವರು ಲಂಡನ್ನಿನ ಟೂಟಿಂಗ್ ಎಂಬಲ್ಲಿ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು. ಅವರು ಹೋದ ಮೇಲೆ ಹೋಟೆಲಿನ ಹಿಂದಿನ ಬೀದಿಯ ಫ್ಲ್ಯಾಟಿನಲ್ಲಿ ನಾನು ಮತ್ತು ನಿಮ್ಮ ಅಮ್ಮ ಸುಮನಾ, ಇಬ್ಬರೇ. ಅವಳಾಗ ಲಂಡನ್ನಿನ ಒಂದು ಯೂನಿವರ್ಸಿಟಿಯ ಕೆಮಿಸ್ಟ್ರಿ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಅದೇ ಕೊನೆಯ ವರ್ಷ. ಮನೆಗೆ ಬಂದಾಗ ಅವಳ ಸ್ವೆಟರಿಗೆಲ್ಲ ಒಂದು ವಾಸನೆ... ಉಗುರಿನ ಬಣ್ಣ ತೆಗೆಯುವ ಎಣ್ಣೆಯಂಥ ವಾಸನೆ. ಕೂದಲು ಬಾಚಿ ಕೊಡುವಾಗ ನನ್ನ ಕೈಗೂ ಹತ್ತುತ್ತಿತ್ತು.

ಅವಳು ಏನು ಮಾಡುತ್ತಿದ್ದಳೆಂದು ಸರಿಯಾಗಿ ಹೇಳಲು ನನಗೆ ಬಾರದು. ಒಂದೂವರೆ ವರ್ಷ ಹೆಣಗಿ ಒಂದು ಚಿಟಿಕೆ ಪುಡಿ ತಯಾರಿಸಿದ್ದಳು. ಸ್ವಲ್ಪ ಬಿಸಿ ತಾಗಿದರೂ ಅದು ಕೆಟ್ಟುಹೋಗುತ್ತಿತ್ತು. ಆದ್ದರಿಂದ ಅದನ್ನು ಯಾವಾಗಲೂ ನೈಟ್ರೋಜನ್ ಎಂಬ ದ್ರವದಲ್ಲಿ ಮುಳುಗಿಸಿ ಇಡಬೇಕು. ನೋಡಲು ನೀರಿನ ಹಾಗೆ. ಆದರೆ ಮಂಜುಗಡ್ಡೆಗಿಂತ ಎಷ್ಟೋ ಪಟ್ಟು ತಣ್ಣಗೆ. ತೆರೆದಿಟ್ಟರೆ ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ಆಗಾಗ ಮತ್ತೆ ತುಂಬಿಸುತ್ತಲೇ ಇರಬೇಕು.

ಕ್ರಿಸ್ಮಸ್ಸಿಗೆ ಮೊದಲಿನ ವಾರ. ಮರುದಿನ ಬೆಳಿಗ್ಗೆ ಆ ಪುಡಿಯನ್ನು ಬೇರೊಂದು ಕಾಲೇಜಿನ ದೊಡ್ಡ ಮೆಷಿನ್ನಿಗೆ ಕೊಂಡೊಯ್ಯಬೇಕಿತ್ತು. ಅದು ಆಗಿಬಿಟ್ಟರೆ ಥೀಸಿಸ್ ಬರೆಯಲು ಕೂರಬಹುದು. ಅವಳ ಜೊತೆ ಕೆಲಸ ಮಾಡುವ ಗ್ರೀಕ್ ಹುಡುಗ ರಜೆಗೆ ಊರಿಗೆ ಹೋಗಿದ್ದ. ಮಧ್ಯಾಹ್ನ ಫೋನ್ ಬಂತು.

“ಅಮ್ಮ, ಪ್ಲೀಸ್, ಈವ್ನಿಂಗ್ ಇಲ್ಲಿಗೆ ಬರ್ತೀಯಾ? ನೈಟ್ರೋಜನ್ ತರೋಕೆ ಇಬ್ರು ಬೇಕು. ರೂಲ್.”

“ನಂಗೆ ಎಂತ ಗೊತ್ತಿತ್ ಮಗಾ ಅದೆಲ್ಲ? ನಾನ್ ಎಂತಾರೂ ಒಡ್ದ್ ಹಾಕಿರೆ?”

“ಜಸ್ಟ್ ನಿಂತ್ಕೊಂಡ್ರೆ ಸಾಕು ಅಮ್ಮ. ಯು ಆರ್ ವೆರಿ ಗುಡ್ ಅಟ್ ನಿಂತ್ಕೊಳ್ಳೋದು,” ಎಂದು ನಕ್ಕಳು.

ನಾಲ್ಕು ಗಂಟೆಗೇ ಕತ್ತಲೆಯಾಗುವ ದಿನಗಳು. ಟ್ಯೂಬ್ ಇಳಿದು ನಾನು ಅಲ್ಲಿಗೆ ಮುಟ್ಟುವಾಗ ಇಡೀ ಕಟ್ಟಡ ಕಪ್ಪಗೆ ನಿಂತಿತ್ತು. ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ಬೆಳಕು. ಸುಮನಾ ಕೆಳಗೆ ಬಂದು ನನಗಾಗಿ ಕಾಯುತ್ತಿದ್ದಳು. ಬಾಗಿಲಲ್ಲಿ ಕೂತು ಕಟ್ಟಡ ಕಾಯುವ ಪೋರ್ಟರ್ ಡೆಸ್ಮಂಡ್, ಘಾನಾ ದೇಶದವರು, ನನಗಿಂತ ವಯಸ್ಸಾದವರು. ಸುಮನಾ ಅವರಿಗೆ ಆಗಾಗ ನನ್ನ ಕೈಯ ಚಕ್ಕುಲಿ ಕೊಟ್ಟು ಪರಿಚಯ ಮಾಡಿಕೊಂಡಿದ್ದಳು.

“ಓಹೋ, ಚಕ್ಕುಲಿ ಮದರ್!” ಎಂದರು ಅವರು ಇಂಗ್ಲಿಷಿನಲ್ಲಿ. “ಇವತ್ತಿನಿಂದ ನೀವೂ ವಿಜ್ಞಾನಿಯೋ?”

ನಾನು ತಲೆ ತಗ್ಗಿಸಿ ನಕ್ಕೆ. ಹೊರಗಿನವರನ್ನು ಹೀಗೆ ಕರೆತರುವುದು ಅಷ್ಟು ಸರಿಯಲ್ಲ ಎಂದು ಅವರಿಗೂ ಗೊತ್ತಿತ್ತು. “ನಾನು ಯಾರನ್ನೂ ನೋಡಲಿಲ್ಲ,” ಎಂದು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ನಾವು ಲಿಫ್ಟ್ ಕಡೆಗೆ ತಿರುಗಿದಾಗ ಮಾತ್ರ ಪತ್ರಿಕೆಯ ಹಿಂದಿನಿಂದ ಅವರ ಧ್ವನಿ ಬಂತು. “ಮೆಟ್ಟಿಲು ಹತ್ತಿ ಹೋಗಿ, ಮದರ್. ಮೈಗೂ ಒಳ್ಳೆಯದು.”

ನಾವು ಮೆಟ್ಟಿಲಲ್ಲೇ ಹೋದೆವು.

ಅವಳ ಲ್ಯಾಬ್ ಇದ್ದ ಮೂರನೇ ಮಹಡಿ ಹೇಗಿತ್ತೆಂದರೆ... ಉದ್ದಕ್ಕೆ ಒಂದು ಓಣಿ. ಎರಡೂ ಬದಿ ಬೀಗ ಹಾಕಿದ ಬಾಗಿಲುಗಳು. ಬಾಗಿಲುಗಳ ಹಿಂದೆ ಯಾವುದೋ ಪಂಪು ಒಂದೇ ಸಮ ಗೊರಗೊರ ಎನ್ನುತ್ತಿತ್ತು. ನಡೆದರೆ ದೀಪ ಹೊತ್ತುತ್ತದೆ, ನಿಂತರೆ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಕೊನೆಯಲ್ಲಿ ಮೆಟ್ಟಿಲು, ಅದಕ್ಕೆ ತಾಗಿಕೊಂಡು ಲಿಫ್ಟ್. ಅದರ ಕಬ್ಬಿಣದ ಬಾಗಿಲಲ್ಲಿ ಕೈಯಗಲದ ಒಂದು ಗಾಜು.

ಸುಮನಾ ನನ್ನನ್ನು ಅದರ ಮುಂದೆ ನಿಲ್ಲಿಸಿ ಪಾಠ ಹೇಳಿದಳು.

ಟ್ಯಾಂಕು ಇರುವುದು ನೆಲಮಾಳಿಗೆಯಲ್ಲಿ. ಅಲ್ಲಿ ಅವಳು ನೈಟ್ರೋಜನ್ನನ್ನು ಹಾಲಿನ ಕ್ಯಾನಿನಂಥ ಒಂದು ಪಾತ್ರೆಗೆ ತುಂಬುತ್ತಾಳೆ. ನಾನು ಅದನ್ನು ಹಂಡೆ ಎಂದೇ ಬರೆಯುತ್ತೇನೆ. ಹಂಡೆಯನ್ನು ಚಕ್ರದ ಗಾಡಿಯ ಮೇಲಿಟ್ಟು ಲಿಫ್ಟಿನೊಳಗೆ ತಳ್ಳುತ್ತಾಳೆ. ಆಮೇಲೆ ಮೆಟ್ಟಿಲ ಬುಡದಿಂದ ‘ಅಮ್ಮ’ ಎಂದು ಕೂಗುತ್ತಾಳೆ. ನಾನು ಕೂಡಲೇ ‘ಓ’ ಎನ್ನಬೇಕು. ಅನ್ನದಿದ್ದರೆ ನನಗೇನೋ ಆಗಿದೆ ಎಂದು ಅವಳು ಅಲಾರಂ ಒತ್ತುತ್ತಾಳೆ. ‘ಓ’ ಎಂದ ಮೇಲೆ ಲಿಫ್ಟನ್ನು ಒಂಟಿಯಾಗಿ ಮೇಲೆ ಕಳಿಸಿ, ತಾನು ಮೆಟ್ಟಿಲು ಹತ್ತಿ ಬರುತ್ತಾಳೆ. ಲಿಫ್ಟ್ ಬಂದಾಗ ನಾನು ಹೊರಗೆ ನಿಂತುಕೊಂಡೇ ಗಾಡಿಯ ಉದ್ದ ಹಿಡಿಕೆ ಹಿಡಿದು ಎಳೆದುಕೊಳ್ಳಬೇಕು.

“ಅದ್ರೊಟ್ಟಿಗೇ ಲಿಫ್ಟಲ್ಲಿ ಬಪ್ಪುಕೆ ಎಂತ ಅಡ್ಡಿ?” ಎಂದು ಕೇಳಿದೆ.

“ಲಿಫ್ಟ್ ಸಿಕ್ಕಿಹಾಕ್ಕೊಂಡ್ರೆ? ಆ ಗ್ಯಾಸು ಗಾಳಿನೆಲ್ಲ ಹೊರಗೆ ತಳ್ಳುತ್ತೆ ಅಮ್ಮ. ಸ್ಮೆಲ್ ಇಲ್ಲ, ಉಸಿರು ಕಟ್ಟಿದ ಹಾಗೂ ಆಗಲ್ಲ. ಜಸ್ಟ್ ನಿದ್ದೆ ಬರುತ್ತೆ. ದೆನ್ ಯು ಡೋಂಟ್ ವೇಕ್ ಅಪ್.” ನನ್ನ ಭುಜ ಹಿಡಿದುಕೊಂಡಳು. “ಒಳಗೆ ಕಾಲಿಡಬೇಡ. ಏನೇ ಆದ್ರೂ. ಪ್ರಾಮಿಸ್?”

“ಆಯ್ತ್ ಮಾರಾಯ್ತಿ.”

ಮೊದಲನೇ ಹಂಡೆಗೆ ಏನೂ ಆಗಲಿಲ್ಲ. ಮೆಟ್ಟಿಲ ಬುಡದಿಂದ “ಅಮ್ಮಾ!” ಕೇಳಿತು, “ಓ!” ಎಂದೆ, ಲಿಫ್ಟ್ ನರಳುತ್ತಾ ಬಂತು. ಹಿಡಿಕೆ ಹಿಡಿದು ಎಳೆದೆ. ಹಂಡೆಯ ಬಾಯಿಯಿಂದ ಬಿಳಿ ಹೊಗೆ ಕೆಳಕ್ಕಿಳಿದು ನನ್ನ ಚಪ್ಪಲಿಯನ್ನು ಮುಚ್ಚಿತು. ಸುಮನಾ ಏದುಸಿರು ಬಿಡುತ್ತಾ ಬಂದು ನನ್ನ ಕೆನ್ನೆ ಹಿಂಡಿ, “ಸೀ? ಎಕ್ಸ್‌ಪರ್ಟ್!” ಎಂದಳು. ಅವಳ ಪುಡಿಯಿದ್ದ ಪಾತ್ರೆಗೆ ಅದನ್ನು ಸುರಿದಳು. ಅರ್ಧ ತುಂಬಿತು. ಬೆಳಗಿನವರೆಗೆ ನಿಲ್ಲಬೇಕಾದರೆ ಇನ್ನೊಂದು ಹಂಡೆ ಬೇಕು.

ಖಾಲಿ ಹಂಡೆಯನ್ನು ಲಿಫ್ಟಿನಲ್ಲಿ ಕೆಳಗೆ ಕಳಿಸಿ ಅವಳು ಮತ್ತೆ ಇಳಿದು ಹೋದಳು. ಅವಳ ಬೂಟಿನ ಸದ್ದು ಕೆಳಗೆ ಕೆಳಗೆ ಹೋಗಿ ನಿಂತಿತು.

ಓಣಿಯ ದೀಪ ಆರಿತು.

ನಾನು ಕೈಯೆತ್ತಿ ಆಡಿಸಿದರೆ ಅದು ಹೊತ್ತುತ್ತಿತ್ತು. ಆದರೆ ಯಾಕೋ ಆಡಿಸಬೇಕೆನಿಸಲಿಲ್ಲ. ಇಷ್ಟು ಹೊತ್ತು ಗೊರಗೊರ ಎನ್ನುತ್ತಿದ್ದ ಪಂಪು ಈಗ ಕೇಳಿಸುತ್ತಿರಲಿಲ್ಲ. ಯಾವಾಗ ನಿಂತಿತೋ ಗೊತ್ತಿಲ್ಲ. ಒಂದು ವಾಸನೆ ಬಂತು... ಔಷಧಿಯದಲ್ಲ. ಬಾವಿಯೊಳಗೆ ಬಗ್ಗಿ ನೋಡಿದಾಗ ಮೂಗಿಗೆ ಬರುತ್ತದಲ್ಲ, ಹಳೆಯ ನೀರಿನ ಪಾಚಿ ವಾಸನೆ. ಲಂಡನ್ನಿನಲ್ಲಿ ಅಷ್ಟು ವರ್ಷ ಇದ್ದರೂ ಅದನ್ನು ಎಲ್ಲೂ ಮೂಸಿರಲಿಲ್ಲ.

“ಅಮ್ಮ...”

“ಓ! ಎಂತ ಮಗಾ?” ಎಂದುಬಿಟ್ಟೆ.

ಎಂದ ಮೇಲೆ ಗೊತ್ತಾಯಿತು. ಆ ಕೂಗು ಮೆಟ್ಟಿಲ ಕಡೆಯಿಂದ ಬಂದಿರಲಿಲ್ಲ.

ಮಕ್ಕಳೇ, ನಮ್ಮ ಊರಲ್ಲಿ ಹೊತ್ತು ಕಂತಿದ ಮೇಲೆ ಯಾರಾದರೂ ಕರೆದರೆ ಮೊದಲನೇ ಕೂಗಿಗೆ ಓಗೊಡುವುದಿಲ್ಲ. ಸುಮ್ಮನಿರಬೇಕು. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಮೂರನೇ ಸಲವೂ ಕರೆಯುತ್ತಾರೆ. ಆಮೇಲೆ ಓಗೊಟ್ಟರಾಯಿತು. ಚಿಕ್ಕಂದಿನಿಂದ ನಾನು ಹಾಗೇ ಬೆಳೆದವಳು. ಆದರೆ ಇಲ್ಲಿಯ ರೂಲು ಬೇರೆಯಲ್ಲವೇ? ಕೂಗಿದ ಕೂಡಲೇ ಓ ಎನ್ನಬೇಕು. ಅದನ್ನು ಚೆನ್ನಾಗಿ ಕಲಿತುಕೊಂಡು ನಿಂತಿದ್ದೆ.

ಲಿಫ್ಟ್ ಹೊರಟ ಸದ್ದಾಯಿತು. ಮೇಲೆ ಬಂತು... ಬಂತು... ಎರಡನೇ ಮಹಡಿ ದಾಟಿರಬೇಕು, ಗಕ್ಕನೆ ನಿಂತಿತು. ಗಾಜಿಗೆ ಮುಖ ಒತ್ತಿ ಕೆಳಗೆ ನೋಡಿದೆ. ಕಪ್ಪು ಹಗ್ಗಗಳು ಅಲ್ಲಾಡುತ್ತಿದ್ದವು, ಅಷ್ಟೇ.

ಆ ಕತ್ತಲೆಯೊಳಗಿಂದ ಮತ್ತೆ ಕೇಳಿತು.

“ಅಮ್ಮ... ಬಾಗ್ಲ್ ತೆಗಿ. ನಂಗೆ ನಿದ್ದಿ ಬತ್ತಿತ್...”

ನಿಮ್ಮ ಅಮ್ಮನದೇ ಧ್ವನಿ. ಜ್ವರ ಬಂದಾಗ ಮಾತಾಡುವ ಹಾಗೆ, ಮೆತ್ತಗೆ.

ನನ್ನ ಮಗಳು ಅವಸರಕ್ಕೆ ಲಿಫ್ಟ್ ಹತ್ತಿಬಿಟ್ಟಿದ್ದಾಳೆ! ಬೇರೆ ಯಾವ ಯೋಚನೆಯೂ ನನಗೆ ಬರಲಿಲ್ಲ. ಬಾಗಿಲಿನ ಸಂದಿಗೆ ಬೆರಳು ತೂರಿಸಿ ಎಳೆದೆ. ಉಗುರು ಕಿತ್ತುಬಂತು. “ಮಲ್ಗ್‌ಬ್ಯಾಡ ಮಗಾ! ಮಲ್ಗ್‌ಬ್ಯಾಡ! ಮಾತಾಡ್ತಾ ಇರ್!” ಎಂದು ಕಿರುಚಿದೆ. ಜನ್ಮದಲ್ಲಿ ನಾನು ಅಷ್ಟು ಗಟ್ಟಿಯಾಗಿ ಕೂಗಿದವಳಲ್ಲ.

“ಬಾಗ್ಲ್ ತೆಗಿ ಅಮ್ಮ... ಬಗ್ಗಿ ಕೈ ಕೊಡ್...”

ಬಾಗಿಲು ಒಂದು ಬೆರಳಿನಷ್ಟು ಸರಿಯಿತು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಇನ್ನೊಂದು ಚೂರು ಎಳೆದಿದ್ದರೆ ನಾನು ಆ ಬಾವಿಯಂಥ ಗುಂಡಿಗೆ ಬಗ್ಗಿ ಕೈ ಚಾಚುತ್ತಿದ್ದೆ. ಖಂಡಿತ ಚಾಚುತ್ತಿದ್ದೆ.

ಆಗ ಮೆಟ್ಟಿಲಲ್ಲಿ ಬೂಟಿನ ಸದ್ದು. ಯಾರೋ ಎರಡೆರಡು ಮೆಟ್ಟಿಲು ಹಾರಿ ಓಡಿ ಬರುತ್ತಿದ್ದಾರೆ. ಓಣಿಯ ದೀಪ ಹೊತ್ತಿತು.

ಸುಮನಾ ನಿಂತಿದ್ದಳು.

ಬಿಳಿ ಕೋಟು, ಹಣೆಯ ಮೇಲೆ ಏರಿಸಿದ ಕನ್ನಡಕ, ಅವಳೇ. ನನ್ನನ್ನು ನೋಡಿ ಗೋಡೆ ಹಿಡಿದುಕೊಂಡಳು.

“ನೀನು ಇಲ್ಲೇ ಇದೀಯಾ? ಓ ಗಾಡ್... ನೀನು ಒಳಗಿಲ್ವಾ?”

“ನಾನ್ ಎಲ್ಲಿ ಹೋತೆ? ನೀನಲ್ದಾ ಒಳ್ಗ್ ಇದ್ದದ್ದ್?”

“ನಾನಿನ್ನೂ ನಿನ್ನ ಕರ್ದೇ ಇರ್ಲಿಲ್ಲ ಅಮ್ಮ. ಹಂಡೆ ಒಳಗಿಟ್ಟು ಸ್ಟೇರ್ಸ್ ಕಡೆ ತಿರುಗಿದೆ. ಡೋರು ತಾನೇ ಮುಚ್ಕೊಂತು. ಆಮೇಲೆ...” ಲಿಫ್ಟಿನ ಬಾಗಿಲ ಕಡೆ ಕೈ ತೋರಿಸಿದಳು. “ಒಳಗಿಂದ ನೀನು ಮಾತಾಡ್ದೆ. ‘ಎಂತ ಮಗಾ’ ಅಂದೆ. ಎಕ್ಸಾಕ್ಟ್ಲಿ ನೀನು ಹೇಳೋ ಥರ.”

ಆ ಮಾತು ನನ್ನದು. ಸ್ವಲ್ಪ ಹೊತ್ತಿಗೆ ಮುಂಚೆ, ಇದೇ ಬಾಗಿಲ ಮುಂದೆ ನಿಂತು, ನಾನೇ ಕೊಟ್ಟಿದ್ದು.

ಇನ್ನೊಂದು ಆಗ ಹೊಳೆಯಿತು. ಇಂಗ್ಲಿಷ್ ಬೆರೆಸದೆ ನಾಲ್ಕು ಮಾತು ಆಡಲು ನಿಮ್ಮ ಅಮ್ಮನಿಗೆ ಬಾರದು. ಒಳಗಿದ್ದದ್ದು ಒಂದೇ ಒಂದು ಇಂಗ್ಲಿಷ್ ಪದ ಆಡಿರಲಿಲ್ಲ.

ಅಷ್ಟರಲ್ಲಿ ಲಿಫ್ಟ್ ಕದಲಿತು.

ಮೆಲ್ಲನೆ ಮೇಲೆ ಬಂತು. ನಮ್ಮ ಮುಂದೆ ನಿಂತಿತು. ಬಾಗಿಲು ತೆರೆಯಿತು.

ಒಳಗೆ ದೀಪವಿಲ್ಲ. ಓಣಿಯ ಬೆಳಕು ಬಿದ್ದಷ್ಟು ಮಾತ್ರ ಕಾಣುತ್ತಿತ್ತು. ನೆಲದ ತುಂಬ ಮೊಣಕಾಲೆತ್ತರಕ್ಕೆ ಬಿಳಿ ಹೊಗೆ. ಗಾಡಿ ಹಿಂದಿನ ಗೋಡೆಗೆ ಹೋಗಿ ನಿಂತಿತ್ತು, ಹಿಡಿಕೆ ಗೋಡೆಯ ಕಡೆಗೆ. ಹೊರಗಿನಿಂದ ಕೈಗೆ ಸಿಗುವ ಹಾಗಿರಲಿಲ್ಲ. ಹಂಡೆಯ ಪಕ್ಕದಲ್ಲಿ, ಆ ಹೊಗೆಯ ನಡುವೆ, ಎರಡು ಕಡೆ ಮಾತ್ರ ಹೊಗೆ ಇರಲಿಲ್ಲ. ಅಕ್ಕಪಕ್ಕ ಎರಡು ಕಪ್ಪು ಖಾಲಿ ಜಾಗ. ಯಾರೋ ಅಲ್ಲಿ ನಿಂತಿದ್ದರೆ ಕಾಲು ಎಲ್ಲಿ ಇರುತ್ತಿತ್ತೋ... ಅಲ್ಲಿ.

ನಾನು ಸೆರಗನ್ನು ಬಾಯಿಗೆ ತುರುಕಿ ಹಿಡಿದೆ. ಇನ್ನೊಂದು ಕೈಯಲ್ಲಿ ಮಗಳ ಮಣಿಕಟ್ಟು.

ಅವಳು ಅದನ್ನು ನೋಡಲಿಲ್ಲ. ಅವಳ ಕಣ್ಣು ಹಂಡೆಯ ಮೇಲೆಯೇ ಇತ್ತು.

“ಒಂದೇ ಸ್ಟೆಪ್ ಅಮ್ಮ. ಟೂ ಸೆಕೆಂಡ್ಸ್. ಹಿಡಿಕೆ ತಿರುಗಿಸಿ ಎಳ್ಕೊಂಡು ಬಂದ್ಬಿಡ್ತೀನಿ.”

ನಾನು ಬೇಡವೆಂದು ತಲೆಯಾಡಿಸಿದೆ.

“ಅದಿಲ್ದಿದ್ರೆ ಬೆಳಿಗ್ಗೆ ತನಕ ಸ್ಯಾಂಪಲ್ ಉಳಿಯಲ್ಲ. ಒಂದೂವರೆ ವರ್ಷ ಅಮ್ಮ! ಪ್ಲೀಸ್, ಕೈ ಬಿಡು!”

ಅವಳು ಎಳೆದಳು, ನಾನು ಬಿಡಲಿಲ್ಲ. ಅವಳ ಎಡಗಾಲು ಹೊಸ್ತಿಲು ದಾಟಿ ಹೊಗೆಯೊಳಗೆ ಹೋಯಿತು. ಆಗ ನನ್ನ ಬೆನ್ನ ಹಿಂದೆ, ಇಷ್ಟು ಹತ್ತಿರ, ಕಿವಿಯ ಬದಿಯಲ್ಲಿ...

“ಹೋಗ್ ಮಗಾ... ಎಂತ ಆತಿಲ್ಲೆ.”

ನನ್ನ ಧ್ವನಿ. ನಾನು ಅವಳನ್ನು ಶಾಲೆಗೆ ಕಳಿಸುವಾಗ, ಪರೀಕ್ಷೆಗೆ ಕಳಿಸುವಾಗ, ನಿಮ್ಮ ಅಜ್ಜಯ್ಯನ ಹೆಣ ನೋಡಲು ಆಸ್ಪತ್ರೆಯ ಕೋಣೆಯೊಳಗೆ ಕಳಿಸುವಾಗ ಹೇಳಿದ ಅದೇ ಮಾತು, ಅದೇ ರಾಗ.

ಅವಳ ಮೈ ಸಡಿಲವಾಯಿತು. ಸಮಾಧಾನವಾದವಳಂತೆ, ‘ಸರಿ’ ಎನ್ನುವ ಹಾಗೆ, ನನ್ನ ಮುಖ ನೋಡಲು ತಿರುಗಿದಳು.

ನೋಡಿದಳು.

ನನ್ನ ಬಾಯಲ್ಲಿ ಸೆರಗು ತುಂಬಿತ್ತು.

ಆ ಕ್ಷಣದ ಅವಳ ಕಣ್ಣುಗಳನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕಾಲು ಹಿಂದಕ್ಕೆಳೆದುಕೊಂಡಳೋ, ನಾನೇ ಎಳೆದೆನೋ ತಿಳಿಯದು. ಇಬ್ಬರೂ ನೆಲಕ್ಕೆ ಬಿದ್ದೆವು. ಬಾಗಿಲು ಧಡಾರನೆ ಮುಚ್ಚಿತು. ಯಾರೂ ಗುಂಡಿ ಒತ್ತದೆ ಲಿಫ್ಟ್ ಕೆಳಗೆ ಹೋಯಿತು.

ಕೆಳಗಿನಿಂದ ಅಲಾರಂ ಹೊಡೆದುಕೊಳ್ಳತೊಡಗಿತು.

ನಾವು ಮೆಟ್ಟಿಲಿಳಿದು ಓಡಿದಾಗ ನೆಲಮಾಳಿಗೆಯಲ್ಲಿ ಡೆಸ್ಮಂಡ್ ನಿಂತಿದ್ದರು. ಗಾಳಿ ಎಷ್ಟಿದೆ ಎಂದು ಹೇಳುವ ಒಂದು ಸಣ್ಣ ಪೆಟ್ಟಿಗೆಯನ್ನು ಕೋಲಿಗೆ ಕಟ್ಟಿ ತೆರೆದ ಲಿಫ್ಟಿನೊಳಗೆ ಚಾಚಿದ್ದರು. ಅದು ಕಿರ್ರೋ ಎನ್ನುತ್ತಿತ್ತು. ಹಂಡೆ ಅಡ್ಡಬಿದ್ದಿತ್ತು. ಒಂದು ತೊಟ್ಟೂ ಉಳಿದಿರಲಿಲ್ಲ.

“ಒಳಗೆ ಯಾರಾದರೂ ಹೋಗಿದ್ದಿರಾ?” ಎಂದು ಕೇಳಿದರು.

“ಇಲ್ಲ,” ಎಂದಳು ಸುಮನಾ.

“ಒಳ್ಳೆಯದು. ಹೋಗಿದ್ದರೆ ಎರಡನೇ ಉಸಿರಿಗೆ ಬೀಳುತ್ತಿದ್ದಿರಿ.”

ನಮ್ಮನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ, ನನ್ನ ಬೆರಳಿಗೆ ಬ್ಯಾಂಡೇಜು ಸುತ್ತಿ, ಸಕ್ಕರೆ ಜಾಸ್ತಿ ಹಾಕಿದ ಟೀ ಕೊಟ್ಟರು. ಆಮೇಲೆ ಅವರು ನನ್ನ ಕಡೆ ಬಗ್ಗಿ, ಮೆಲ್ಲಗೆ ಕೇಳಿದ ಪ್ರಶ್ನೆಯನ್ನು ಸುಮನಾ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಲಿಲ್ಲ. ನನಗೇ ಅರ್ಥವಾಯಿತು.

“ನಿಮ್ಮ ಭಾಷೆಯಲ್ಲಿ ಕರೆಯಿತೇ, ಮದರ್?”

ನಾನು ಹೌದೆಂದು ತಲೆಯಾಡಿಸಿದೆ.

“ನನ್ನನ್ನು ನನ್ನ ಭಾಷೆಯಲ್ಲಿ ಕರೆದಿತ್ತು. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಸತ್ತ ನನ್ನ ತಾಯಿಯ ಧ್ವನಿ.” ಕಪ್ಪನ್ನು ಕೆಳಗಿಟ್ಟರು. “ನಾನು ಉತ್ತರ ಕೊಡಲಿಲ್ಲ. ನೀವು ಕೊಟ್ಟಿರಾ?”

ನಾನು ಬ್ಯಾಂಡೇಜು ಸುತ್ತಿದ ಬೆರಳನ್ನು ಸೆರಗಿನೊಳಗೆ ಅಡಗಿಸಿಕೊಂಡೆ. ಅವರು ಮುಂದೆ ಕೇಳಲೂ ಇಲ್ಲ. ಕುತ್ತಿಗೆಯ ಶಿಲುಬೆಯನ್ನು ಮುಟ್ಟಿಕೊಂಡು ಬೇರೆ ಕಡೆ ನೋಡಿದರು.

ಆ ರಾತ್ರಿ ಮತ್ತೆ ನೈಟ್ರೋಜನ್ ತರುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಸುಮನಾಳ ಪುಡಿ ಉಳಿಯಲಿಲ್ಲ. ಬೆಳಿಗ್ಗೆ ನೋಡಿದಾಗ ಸುಟ್ಟ ಬೆಲ್ಲದ ಹಾಗೆ ಕಪ್ಪಾಗಿ ಗಾಜಿಗೆ ಅಂಟಿಕೊಂಡಿತ್ತಂತೆ. ಅವಳ ಪ್ರೊಫೆಸರ್ ಏನೂ ಅನ್ನಲಿಲ್ಲ, ಆದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಇನ್ನೊಂದು ವರ್ಷ ಹಿಡಿಯಿತು. ಹೊಸ ವರ್ಷ ಕಳೆದ ಮೇಲೆ ಮೆಕ್ಯಾನಿಕ್‌ಗಳು ಬಂದು ಲಿಫ್ಟನ್ನು ಬಿಚ್ಚಿ ನೋಡಿದರು. ಯಾವ ದೋಷವೂ ಸಿಗಲಿಲ್ಲ. ಸುಮನಾ ಆ ವರ್ಷವೆಲ್ಲ ಹಗಲಿನಲ್ಲಿ ಮಾತ್ರ ನೈಟ್ರೋಜನ್ ತಂದಳು. ಕಟ್ಟಡ ತುಂಬ ಜನ ಇರುವಾಗ.

ಏನದು? ನನಗೆ ಗೊತ್ತಿಲ್ಲ. ಗಾಳಿ ಕಡಿಮೆಯಾದರೆ ಮಿದುಳಿಗೆ ಏನೇನೋ ಕೇಳಿಸುತ್ತದೆ ಎಂದು ನಿಮ್ಮ ಅಮ್ಮ ಒಂದು ಸಲ ಹೇಳಿದ್ದಳು. ಇರಬಹುದು, ಅವಳು ಕಲಿತವಳು. ಆದರೆ ಅವಳೇ ಅದನ್ನು ನಂಬುವುದಿಲ್ಲ. ಹೇಗೆ ಗೊತ್ತು ಎಂದರೆ... ಅವತ್ತಿನಿಂದ ಇವತ್ತಿನ ತನಕ ನಾನು ಕರೆದರೆ ಅವಳು ಓಗೊಟ್ಟಿಲ್ಲ. ಒಂದು ಸಲವೂ ಇಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುತ್ತಾಳೆ. ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಾಳೆ, ನನ್ನ ತುಟಿ ನೋಡುತ್ತಾಳೆ. ಆಮೇಲೆ ‘ಏನಮ್ಮ’ ಎನ್ನುತ್ತಾಳೆ.

ಮೊನ್ನೆ ನೀವಿಬ್ಬರೂ ಶಾಲೆಯಲ್ಲಿದ್ದಿರಿ. ಮಧ್ಯಾಹ್ನವೇ ಕತ್ತಲೆ ಕವಿದಿತ್ತು. ನಾನು ನನ್ನ ಕೋಣೆಯಲ್ಲಿ ಸುಮ್ಮನೆ ಮಲಗಿದ್ದೆ. ಸುಮನಾ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ನನ್ನ ಮುಖವನ್ನೇ ನೋಡಿದಳು.

“ಏನಮ್ಮ? ಕರೆದ್ಯಾ?”

ನಾನು ಕರೆದಿರಲಿಲ್ಲ.

ಅವಳ ಕೈಯಲ್ಲಿದ್ದ ಟವೆಲ್ಲು ಅಲುಗಾಡುವುದು ನಿಂತಿತು. ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

“ಹ್ಞೂಂ ಮಗಾ,” ಎಂದೆ. “ಒಂಚೂರ್ ನೀರ್ ಬೇಕಿತ್ತ್.”

ಅವಳು ಉಸಿರು ಬಿಟ್ಟಳು. ನೀರು ತಂದುಕೊಟ್ಟಳು. ಪಕ್ಕದಲ್ಲೇ ನಿಂತಿದ್ದಳು. ನನಗೆ ಬಾಯಾರಿಕೆಯೇ ಇರಲಿಲ್ಲ. ಆದರೂ ಅವಳು ನೋಡುತ್ತಿದ್ದಳಲ್ಲ... ಇಡೀ ಲೋಟ ಖಾಲಿಯಾಗುವ ತನಕ ಕುಡಿದೆ.